ಕವಚದೊಂದಿಗೆ ಹುಟ್ಟಿದವನು ಕರ್ಣನೊಬ್ಬನೇ

ಈ ವರ್ಷ ಮೊದಲ ಬಾರಿಗೆ ಆರ್ಮರ್ ಕಟ್ಟಿ ತೊಡಲು ಹೊರಟಿರುವ ಬೆಂಗಳೂರಿನ ಗೆಳೆಯ ಗೆಳತಿಯರಿಗೆ,



ನಿಮ್ಮಲ್ಲಿ ಬಹಳ ಜನರ ಮುಖವನ್ನು ನಾನು ಕಂಡಿಲ್ಲ. ಆದರೂ ನಿಮ್ಮ ಕೋಣೆ ಈ ಹೊತ್ತಿನಲ್ಲಿ ಹೇಗಿದೆ ಎಂದು ಹೇಳಬಲ್ಲೆ. ಮಂಚದ ಕೆಳಗೆ ಸುತ್ತಿಟ್ಟ ಫೋಮ್ ಹಾಳೆಗಳು, ಕಿಟಕಿಯಲ್ಲಿ ಅರ್ಧ ಬಣ್ಣ ಕಂಡ ಹೆಲ್ಮೆಟ್ಟು, ಗುಡಿಸಿದಷ್ಟೂ ಮುಗಿಯದ ಕಪ್ಪು ಪುಡಿ, ಊಟಕ್ಕೆ ಕರೆದು ಕರೆದು ಸುಮ್ಮನಾದ ಮನೆಯವರು. ಹನ್ನೊಂದು ವರ್ಷದಿಂದ ನನ್ನ ಮನೆಯೂ ಹೀಗೇ ಇದೆ. ಹಗಲು ಕಚೇರಿಯಲ್ಲಿ ಲೆಕ್ಕ ಬರೆಯುತ್ತೇನೆ, ರಾತ್ರಿ ಬಾಹ್ಯಾಕಾಶದ ಯೋಧರ ಎದೆಗವಚ ಕತ್ತರಿಸುತ್ತೇನೆ. ಈ ಹವ್ಯಾಸ ನನಗೆ ಕೊಟ್ಟಷ್ಟು ಸಂತೋಷವನ್ನು, ಕೊಟ್ಟಷ್ಟು ಸ್ನೇಹಿತರನ್ನು ಬೇರೆ ಯಾವುದೂ ಕೊಟ್ಟಿಲ್ಲ. ಅದಕ್ಕೇ, ಒಂದು ಮಾತನ್ನು ನಿಮಗೆಲ್ಲ ಒಟ್ಟಿಗೆ, ಬಹಿರಂಗವಾಗಿಯೇ ಹೇಳಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಮೊದಲು, ಕಳೆದ ಚಳಿಗಾಲದಲ್ಲಿ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ನಮ್ಮಂಥ ವೇಷಧಾರಿಗಳು ಸೇರುವ ಒಂದು ಮೇಳ. ಮಧ್ಯಾಹ್ನ ಎರಡರ ಹೊತ್ತು. ತಿಂಡಿ ಅಂಗಡಿಗಳ ಸಾಲಿನ ಹಿಂದೆ ಒಬ್ಬ ಹಸಿರು ಯೋಧ ಗೋಡೆಗೆ ಒರಗಿ ನಿಂತಿದ್ದ. ತಲೆಯಿಂದ ಕಾಲಿನವರೆಗೆ ಕವಚ, ಕನ್ನಡಿಯಂತೆ ಹೊಳೆಯುವ ಕಿತ್ತಳೆ ಬಣ್ಣದ ಮುಖಪರದೆ. ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಅಂಚು ಕೂಡಿಸಿದ ಜಾಗ ಹುಡುಕಿದರೂ ಸಿಗುತ್ತಿರಲಿಲ್ಲ. ಜನ ಬಂದು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಆತ ನಿಧಾನವಾಗಿ ಒಂದು ಮೊಣಕಾಲೂರಿದ. ಸುತ್ತಲಿನವರು ಅದನ್ನೂ ಒಂದು ಭಂಗಿ ಎಂದುಕೊಂಡರು; ಚಪ್ಪಾಳೆ ತಟ್ಟಿದರು, ಇನ್ನಷ್ಟು ಫೋಟೋ ತೆಗೆದರು. ಹೆಲ್ಮೆಟ್ಟು ಮುಂದಕ್ಕೆ ವಾಲಿದ ರೀತಿ ನೋಡಿ ನನಗೆ ಎದೆ ಧಸಕ್ಕೆಂದಿತು. ಓಡಿದೆ. ಹೆಲ್ಮೆಟ್ಟಿನ ಬಕಲ್ಲು ಕತ್ತಿನ ಹಿಂದಿತ್ತು. ಅವನ ದಪ್ಪ ಕೈಗವಸಿನ ಬೆರಳುಗಳು ಅಲ್ಲಿಗೆ ತಲುಪುವ ಹಾಗೇ ಇರಲಿಲ್ಲ. ಚೀಲದಲ್ಲಿದ್ದ ಕತ್ತರಿಯಿಂದ ಪಟ್ಟಿ ಕತ್ತರಿಸಿ ಹೆಲ್ಮೆಟ್ಟು ತೆಗೆದೆವು. ಒಳಗಿದ್ದದ್ದು ಹತ್ತೊಂಬತ್ತು ವರ್ಷದ ಹುಡುಗ. ತುಟಿ ಬಿಳಚಿಕೊಂಡಿತ್ತು, ಮಾತು ತೊದಲುತ್ತಿತ್ತು.

ನೆರಳಲ್ಲಿ ಮಲಗಿಸಿ, ಕವಚ ಬಿಚ್ಚಿ, ಕತ್ತಿಗೂ ಕಂಕುಳಿಗೂ ಒದ್ದೆ ಬಟ್ಟೆ ಇಟ್ಟು ಗಾಳಿ ಬೀಸಿದೆವು. ವೈದ್ಯರು ಬರುವ ಹೊತ್ತಿಗೆ ಚೇತರಿಸಿಕೊಂಡಿದ್ದ. ಬೆಳಗ್ಗೆಯಿಂದ ಒಂದು ಗುಟುಕು ನೀರೂ ಕುಡಿದಿರಲಿಲ್ಲವಂತೆ. ಕುಡಿದರೆ ಶೌಚಾಲಯಕ್ಕೆ ಹೋಗಬೇಕು, ಹೋಗಬೇಕಾದರೆ ಎಲ್ಲ ಬಿಚ್ಚಬೇಕು, ಬಿಚ್ಚಲು ಯಾರೂ ಜೊತೆಗಿರಲಿಲ್ಲ. “ಯಾರನ್ನಾದ್ರೂ ಕರೀಬಹುದಿತ್ತಲ್ಲೋ” ಎಂದೆ. “ನಾಚಿಕೆ ಆಯ್ತು ಅಕ್ಕಾ. ಎಲ್ಲಾ ನಾನೊಬ್ಬನೇ ಮಾಡ್ದೆ ಅಂತ ಹೇಳ್ಕೊಂಡಿದ್ದೆ” ಎಂದ.

ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಯಾಕೆಂದರೆ ಅದು ಅವನೊಬ್ಬನ ಮಾತಲ್ಲ. ‘ಎಲ್ಲಾ ನಾನೊಬ್ಬನೇ ಮಾಡಿದ್ದು’ ಎನ್ನುವುದು ನಮ್ಮ ವಲಯದಲ್ಲಿ ದೊಡ್ಡ ಬಿರುದಾಗಿಬಿಟ್ಟಿದೆ. ನಾವೇ ಅದನ್ನು ಬೆಳೆಸಿದ್ದೇವೆ. ಹೊಸಬರು ಬಂದು ನಿಂತರೆ ನಾವು ಕೇಳುವ ಮೊದಲ ಪ್ರಶ್ನೆಯೇ “ಪೂರ್ತಿ ನೀನೇ ಮಾಡಿದ್ದಾ?” ಎಂಬುದು. ಗೆಳೆಯರೇ, ಕವಚದೊಂದಿಗೆ ಹುಟ್ಟಿದವನು ಕರ್ಣನೊಬ್ಬನೇ. ಉಳಿದವರಿಗೆಲ್ಲ ಇನ್ನೊಬ್ಬರು ತೊಡಿಸಬೇಕು, ಇನ್ನೊಬ್ಬರು ಬಿಚ್ಚಬೇಕು. ನಾನು ಹೇಳಬೇಕೆಂದಿರುವುದು ಇಷ್ಟೇ: ಕವಚ ಕಟ್ಟುವ ಮೊದಲು ಒಬ್ಬ ಜೊತೆಗಾರನನ್ನು ಹುಡುಕಿಕೊಳ್ಳಿ, ಕವಚ ತೊಡುವ ಮೊದಲು ಒಮ್ಮೆ ಬೇರೊಬ್ಬರಿಗೆ ಜೊತೆಗಾರರಾಗಿ.

ನಾವು ಆರಾಧಿಸುವ ಸಿನಿಮಾಗಳನ್ನೇ ನೋಡಿ. 1977ರಲ್ಲಿ ತೆರೆಗೆ ಬಂದ ಮೊದಲ ‘ಸ್ಟಾರ್ ವಾರ್ಸ್’ನಲ್ಲಿ ಚಿನ್ನದ ಬಣ್ಣದ ರೋಬೋ ಸಿ-3ಪಿಒ ಆಗಿ ನಡೆದವರು ಆಂಟನಿ ಡೇನಿಯಲ್ಸ್. ಆ ವೇಷದಲ್ಲಿ ಅವರಿಗೆ ಕೂರಲು ಆಗುತ್ತಿರಲಿಲ್ಲ. ಟುನೀಸಿಯಾದ ಮರಳುಗಾಡಿನಲ್ಲಿ ಚಿತ್ರೀಕರಣದ ಮೊದಲ ದಿನವೇ ಕಾಲಿನ ಭಾಗ ಒಡೆದು ಪಾದಕ್ಕೆ ಚುಚ್ಚಿತು. ಅದೇ ಚಿತ್ರದಲ್ಲಿ ಬಿಳಿ ಕವಚದ ಸ್ಟಾರ್ಮ್‌ಟ್ರೂಪರ್‌ಗಳ ತಂಡವೊಂದು ಬಾಗಿಲು ದಾಟಿ ಒಳಗೆ ನುಗ್ಗುವಾಗ ಒಬ್ಬನ ತಲೆ ಬಾಗಿಲಿನ ಮೇಲ್ತುದಿಗೆ ಬಡಿಯುತ್ತದೆ. ಸಾಮ್ರಾಜ್ಯವೊಂದನ್ನು ಕಾಯುವ ಸೈನಿಕನಿಗೆ ಎದುರಿನ ಬಾಗಿಲು ಕಂಡಿರಲಿಲ್ಲ! ಆ ಹೆಲ್ಮೆಟ್ಟಿನ ಒಳಗಿನಿಂದ ಜಗತ್ತು ಎಷ್ಟು ಇಕ್ಕಟ್ಟಾಗಿ ಕಾಣುತ್ತದೆಂದು ತೊಟ್ಟವರಿಗೆ ಗೊತ್ತು. ಕಾಲ ಬುಡ ಕಾಣುವುದಿಲ್ಲ, ಪಕ್ಕ ಕಾಣುವುದಿಲ್ಲ, ಉಸಿರಿಗೆ ಗಾಜು ಮಂಜಾಗುತ್ತದೆ. ಹೊರಗಿನಿಂದ ನೋಡುವವರಿಗೆ ನಾವು ಯಾರೂ ಸೋಲಿಸಲಾಗದ ವೀರರು. ಒಳಗಿರುವವರಿಗೆ ಮೂರು ಮೆಟ್ಟಿಲು ಇಳಿಯಲೂ ಒಂದು ಕೈ ಬೇಕು.

ಅದೇ ಕತೆಯ ಖಳ ಡಾರ್ತ್ ವೇಡರ್? ಮೊದಲ ಮೂರು ಚಿತ್ರಗಳ ಆ ಒಂದು ಕಪ್ಪು ಆಕೃತಿಯ ಹಿಂದೆ ಎಷ್ಟು ಜನರಿದ್ದರೆಂದು ಎಣಿಸಿ. ದೇಹ ಡೇವಿಡ್ ಪ್ರೌಸ್ ಅವರದು. ದನಿ ಜೇಮ್ಸ್ ಅರ್ಲ್ ಜೋನ್ಸ್ ಅವರದು. 1980 ಮತ್ತು 1983ರ ಚಿತ್ರಗಳಲ್ಲಿ ಕತ್ತಿ ಝಳಪಿಸಿದವರು ಬಾಬ್ ಆಂಡರ್ಸನ್. ಕೊನೆಗೆ ಮುಖವಾಡ ತೆಗೆದಾಗ ಕಂಡ ಮುಖ ಸೆಬಾಸ್ಟಿಯನ್ ಶಾ ಅವರದು. ಮುಖವಾಡವನ್ನು ಜೇಡಿಮಣ್ಣಿನಲ್ಲಿ ರೂಪಿಸಿದವರು ಬ್ರಯನ್ ಮ್ಯೂರ್. ವಸ್ತ್ರವಿನ್ಯಾಸ ಜಾನ್ ಮೋಲೋ ಅವರದು. ಮೊದಲ ಚಿತ್ರಕ್ಕಾಗಿ ಅವರಿಗೆ ಆಸ್ಕರ್ ಬಂತು. ಇಷ್ಟು ಜನ ಸೇರಿ ಒಬ್ಬ ವೇಡರ್ ಆದ. ನಾವು ಮಾತ್ರ ನಮ್ಮ ಕೋಣೆಯಲ್ಲಿ ಒಬ್ಬರೇ ಕೂತು ಅವನನ್ನು ಕಟ್ಟಲು ಹೊರಡುತ್ತೇವೆ.

ಸ್ಟಾರ್ಮ್‌ಟ್ರೂಪರ್‌ಗಳ ಬಿಳಿ ಹೆಲ್ಮೆಟ್ಟಿನ ಕತೆಯೂ ಇಂಥದ್ದೇ. ರಾಲ್ಫ್ ಮೆಕ್‌ಕ್ವಾರಿ ಚಿತ್ರ ಬರೆದರು, ನಿಕ್ ಪೆಂಬರ್ಟನ್ ಜೇಡಿಮಣ್ಣಿನಲ್ಲಿ ರೂಪ ಕೊಟ್ಟರು, ಆಂಡ್ರ್ಯೂ ಐನ್ಸ್‌ವರ್ತ್ ಕಾಯಿಸಿದ ಪ್ಲಾಸ್ಟಿಕ್ ಹಾಳೆಯನ್ನು ಅಚ್ಚಿನ ಮೇಲೆ ನಿರ್ವಾತದಿಂದ ಎಳೆದು 50 ಹೆಲ್ಮೆಟ್ಟು ಮಾಡಿಕೊಟ್ಟರು. ಮುಂದೆ ಐನ್ಸ್‌ವರ್ತ್ ಅವರು ಅವನ್ನು ಮಾರಲು ಹೊರಟಾಗ ಚಿತ್ರ ನಿರ್ಮಿಸಿದ ಲ್ಯೂಕಾಸ್‌ಫಿಲ್ಮ್ ದಾವೆ ಹೂಡಿತು. 2011ರ ಜುಲೈಯಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ಆ ಹೆಲ್ಮೆಟ್ಟು ಕಾನೂನಿನ ದೃಷ್ಟಿಯಲ್ಲಿ ಶಿಲ್ಪವಲ್ಲ ಎಂದು ತೀರ್ಪಿತ್ತಿತು. ಕಾನೂನಿನ ಮಾತು ಏನೇ ಇರಲಿ, ಆ ಮೊಕದ್ದಮೆಯಿಂದ ನಾನು ಕಲಿತದ್ದು ಬೇರೆ. ಒಂದು ಹೆಲ್ಮೆಟ್ಟಿನ ಹಿಂದೆ ಎಷ್ಟು ಕೈಗಳಿರುತ್ತವೆ ಎಂದು ತಿಳಿಯಲು ನ್ಯಾಯಾಲಯ ಹತ್ತಬೇಕಾಯಿತು.

ಹಿಂದಿರುವ ಕೈಗಳನ್ನು ಮರೆಯುವುದು ಅಭಿಮಾನಿಗಳ ಲೋಕದಲ್ಲಿ ಇನ್ನೂ ಹಳೆಯದು. 1939ರ ಜುಲೈಯಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ವಿಶ್ವ ವೈಜ್ಞಾನಿಕ ಕಥಾ ಸಮ್ಮೇಳನ ನಡೆಯಿತು. ಅಲ್ಲಿಗೆ ಫಾರೆಸ್ಟ್ ಜೆ. ಆಕರ್ಮನ್ ಮತ್ತು ಮೊರೋಜೋ ಎಂದು ಹೆಸರಾಗಿದ್ದ ಮಿರ್ಟಲ್ ಡಗ್ಲಸ್ ಭವಿಷ್ಯದ ಮನುಷ್ಯರ ಉಡುಪು ತೊಟ್ಟು ಬಂದರು. ಮೊದಲು ವೇಷ ತೊಟ್ಟ ಅಭಿಮಾನಿ ಎಂದು ಆಕರ್ಮನ್ನರ ಹೆಸರನ್ನು ಬಹಳ ಕಾಲ ಹೇಳುತ್ತಾ ಬಂದರು. ಆದರೆ ಆ ಉಡುಪುಗಳನ್ನು ಯೋಚಿಸಿ, ಕತ್ತರಿಸಿ, ಹೊಲಿದವರು ಮೊರೋಜೋ. ಈ ಹವ್ಯಾಸಕ್ಕೆ ಜಪಾನಿನಲ್ಲಿ ‘ಕಾಸ್‌ಪ್ಲೇ’ ಎಂಬ ಪದ ಹುಟ್ಟಿದ್ದು 1980ರ ದಶಕದಲ್ಲಿ. ಪದ ಹುಟ್ಟುವ ನಾಲ್ಕು ದಶಕಗಳ ಮೊದಲೇ ಈ ಹೆಣ್ಣುಮಗಳು ಕೆಲಸ ಮಾಡಿ ಮುಗಿಸಿದ್ದರು. ಅವರ ಹೆಸರು ನೆನೆದಾಗಲೆಲ್ಲ ನನಗೆ ಅಮ್ಮ ನೆನಪಾಗುತ್ತಾಳೆ. ನನ್ನ ಮೊದಲ ಕವಚದ ಎಲಾಸ್ಟಿಕ್ ಪಟ್ಟಿ, ಟಿಚ್ ಬಟನ್ನು, ಒಳ ಅಂಗಿ ಎಲ್ಲವನ್ನೂ ಹೊಲಿದದ್ದು ಅವಳ ಹಳೆಯ ಕಾಲುಮಿಷನ್ನು. ಬಹುಮಾನ ತೆಗೆದುಕೊಂಡ ವೇದಿಕೆಯಲ್ಲಿ ನಾನು ಅವಳ ಹೆಸರು ಹೇಳಲಿಲ್ಲ. ನನ್ನಿಂದ ಆದ ಆ ತಪ್ಪನ್ನು ಇವತ್ತು ಇಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ.

ಇನ್ನು ನಮ್ಮ ಕೆಲಸದ ಬಗೆಯನ್ನೇ ನೋಡೋಣ. ಒಬ್ಬರೇ ಮಾಡಬಹುದಾದದ್ದು ಇದರಲ್ಲಿ ಎಷ್ಟಿದೆ?

ಮೊದಲ ಹೆಜ್ಜೆ ಅಳತೆ. ಮೈಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಪೆನ್ನಿನಿಂದ ಗೆರೆ ಎಳೆದು, ಬೆನ್ನಿನ ಕಡೆ ಕತ್ತರಿಸಿ ತೆಗೆದರೆ ನಿಮ್ಮ ದೇಹದ ನಕಾಶೆ ಸಿಗುತ್ತದೆ. ನಿಮ್ಮ ಬೆನ್ನಿಗೆ ನೀವೇ ಟೇಪ್ ಸುತ್ತಿಕೊಳ್ಳಲಾರಿರಿ. ಗೆರೆ ಎಳೆಯುವಾಗ ಬಗ್ಗಿ ನೋಡಿದರೆ ಅಳತೆಯೇ ಬದಲಾಗುತ್ತದೆ. ಅಂದರೆ ಕವಚದ ಮೊದಲ ಗೆರೆಯೇ ಇನ್ನೊಬ್ಬರ ಕೈಯದು.

ಆಮೇಲೆ ಫೋಮ್. ನೆಲಕ್ಕೆ ಹಾಸುವ ಮ್ಯಾಟಿನ, ಚಪ್ಪಲಿಯ ಅಟ್ಟೆಯ ಅದೇ ಇವಿಎ ಫೋಮ್. ಎದೆಗೆ, ಬೆನ್ನಿಗೆ 10 ಮಿ.ಮೀ., ತೋಳಿಗೆ 5 ಅಥವಾ 6, ಮೇಲಿನ ಸಣ್ಣ ಕೆಲಸಕ್ಕೆ 2 ಇಟ್ಟುಕೊಳ್ಳಿ. ಬ್ಲೇಡು ಮೊಂಡಾಗುವ ಮೊದಲೇ ಬದಲಿಸಿ. ಗಾಯ ಮಾಡುವುದು ಹರಿತದ ಬ್ಲೇಡಲ್ಲ, ಒತ್ತಿ ಒತ್ತಿ ಜಾರುವ ಮೊಂಡು ಬ್ಲೇಡು. ಹೀಟ್ ಗನ್ ಹಿಡಿದರೆ ಫೋಮ್ ಮೆತ್ತಗಾಗುತ್ತದೆ. ಬೇಕಾದ ಬಾಗು ಕೊಟ್ಟು ಆರುವವರೆಗೆ ಹಿಡಿದಿಟ್ಟರೆ ಆ ಆಕಾರ ನಿಲ್ಲುತ್ತದೆ. ಗನ್ನಿಗೊಂದು ಕೈ, ಬಾಗಿಗೆ ಎರಡು ಕೈ. ಲೆಕ್ಕ ನೀವೇ ಹಾಕಿ. ಅಂಟಿಗೆ ಫೆವಿಕಾಲ್ ಎಸ್‌ಆರ್ ಬಗೆಯ ರಬ್ಬರ್ ಅಂಟು ಸಾಕು. ಎರಡೂ ಅಂಚಿಗೆ ತೆಳುವಾಗಿ ಹಚ್ಚಿ, ಬೆರಳಿಗೆ ಹತ್ತದಷ್ಟು ಆರಲು ಬಿಟ್ಟು, ಆಮೇಲೆ ಕೂಡಿಸಿ. ಒಮ್ಮೆ ತಾಗಿದರೆ ಸರಿಸಲಾಗದು. ಎದೆಯಂಥ ಉದ್ದನೆಯ ಅಂಚನ್ನು ಒಬ್ಬರು ಹಿಡಿದು ಇನ್ನೊಬ್ಬರು ಒತ್ತುತ್ತಾ ಹೋದರೆ ಮಾತ್ರ ಗೆರೆ ನೇರವಾಗಿ ಬರುತ್ತದೆ.

ಹೆಲ್ಮೆಟ್ಟಿಗೆ ಕೆಲವರು ಪೆಪಾಕುರ ತಂತ್ರಾಂಶದಿಂದ ಕಾಗದದ ಮಾದರಿ ಮುದ್ರಿಸಿ, ಮಡಿಸಿ, ಅದಕ್ಕೆ ಫೈಬರ್‌ಗ್ಲಾಸ್ ಮತ್ತು ರೆಸಿನ್ ಹಾಕುತ್ತೀರಿ. ಇಲ್ಲಿ ಕೈಮುಗಿದು ಕೇಳುತ್ತೇನೆ: ಮನೆಯೊಳಗೆ, ಬಾಗಿಲು ಹಾಕಿಕೊಂಡು, ರಾತ್ರಿ ಒಬ್ಬರೇ ಈ ಕೆಲಸ ಮಾಡಬೇಡಿ. ರೆಸಿನ್ನಿನ ಆವಿಯನ್ನು ಬಟ್ಟೆಯ ಮಾಸ್ಕ್ ತಡೆಯುವುದಿಲ್ಲ. ರಾಸಾಯನಿಕ ಆವಿಯನ್ನು ಹೀರುವ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಅದರ ಗಟ್ಟಿಕಾರಕ ಕಣ್ಣಿಗೆ ಒಂದು ಹನಿ ಸಿಡಿದರೂ ದೃಷ್ಟಿಗೇ ಅಪಾಯ, ಆದ್ದರಿಂದ ಕನ್ನಡಕ ಹಾಕದೆ ಡಬ್ಬಿಯ ಮುಚ್ಚಳ ತೆರೆಯಬೇಡಿ. ಫೋಮಿನ ಬದಲು ಸನ್‌ಬೋರ್ಡ್ ಹಲಗೆ ಬಳಸುವವರೂ ಎಚ್ಚರ: ಅದು ಪಿವಿಸಿಯದು, ಅದನ್ನು ಸುಟ್ಟುಹೋಗುವಷ್ಟು ಕಾಯಿಸಿದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ತಾರಸಿಗೆ ಹೋಗಿ. ಪಕ್ಕದಲ್ಲಿ ಒಬ್ಬರಿರಲಿ. ತಲೆ ತಿರುಗಿದಾಗ ಅದು ಮೊದಲು ಗೊತ್ತಾಗುವುದು ನಿಮಗಲ್ಲ, ನೋಡುತ್ತಿರುವವರಿಗೆ.

ಕಟ್ಟುವುದು ಮುಗಿಯಿತು, ತೊಡುವುದು? ಇವಿಎ ಫೋಮಿನೊಳಗೆ ಸಾವಿರಾರು ಮುಚ್ಚಿದ ಗುಳ್ಳೆಗಳಿರುತ್ತವೆ. ಗಾಳಿ ಒಳಬರದು, ಬೆವರು ಹೊರಹೋಗದು. ಬೆವರು ಆರಿದರೆ ತಾನೇ ಮೈ ತಣ್ಣಗಾಗುವುದು? ಕವಚದೊಳಗೆ ಬೆವರು ಸುರಿಯುತ್ತದೆ, ಆರುವುದಿಲ್ಲ. ಮೈ ಕಾಯುತ್ತಲೇ ಹೋಗುತ್ತದೆ. ಎಸ್‌.ಪಿ. ರಸ್ತೆಯಲ್ಲಿ ಸಿಗುವ 5 ವೋಲ್ಟಿನ ಎರಡು ಪುಟ್ಟ ಫ್ಯಾನುಗಳನ್ನು ಹೆಲ್ಮೆಟ್ಟಿನೊಳಗೆ ಕೂರಿಸಿ ಪವರ್ ಬ್ಯಾಂಕಿಗೆ ಜೋಡಿಸಿದರೆ ಗಾಜು ಮಂಜಾಗುವುದು ತಪ್ಪುತ್ತದೆ, ಉಸಿರಿಗೆ ಹಿತವಾಗುತ್ತದೆ. ಮೈಯ ಕಾವಿಗೆ ಅದು ಸಾಲದು. ಅದಕ್ಕಿರುವ ಮದ್ದು ಒಂದೇ: ಗಂಟೆಗೊಮ್ಮೆಯಾದರೂ ಹೆಲ್ಮೆಟ್ಟು ತೆಗೆಸಿ, ಸ್ಟ್ರಾ ಬಾಯಿಗಿಟ್ಟು, “ಕುಡಿ” ಎಂದು ಗದರುವ ಒಬ್ಬ ಮನುಷ್ಯ.

ಹೊರದೇಶದ ಹಳೆಯ ಬಳಗಗಳು ಹೀಗೆ ಜೊತೆಗೊಬ್ಬರನ್ನು ಇಟ್ಟುಕೊಳ್ಳುವುದನ್ನು ರೂಢಿಯನ್ನಾಗಿಯೇ ಮಾಡಿಕೊಂಡಿವೆ. 1997ರಲ್ಲಿ ಅಮೆರಿಕದ ದಕ್ಷಿಣ ಕ್ಯಾರೊಲಿನಾದಲ್ಲಿ ಆಲ್ಬಿನ್ ಜಾನ್ಸನ್ ಮತ್ತು ಅವರ ಗೆಳೆಯ ಸೇರಿ ಶುರುಮಾಡಿದ ‘501ನೇ ಲೀಜನ್’ ಹೆಸರು ನೀವು ಕೇಳಿರುತ್ತೀರಿ. ಶುರುವಾದದ್ದು ಒಂದಕ್ಕೆ ಜೊತೆಯಾದ ಇನ್ನೊಂದು ಬಿಳಿ ಕವಚದಿಂದ. ಇವತ್ತು ಜಗತ್ತಿನ ಉದ್ದಗಲಕ್ಕೂ ಸದಸ್ಯರಿದ್ದಾರೆ. ಅವರು ಆಸ್ಪತ್ರೆಯ ಮಕ್ಕಳ ಬಳಿಗೆ, ದೇಣಿಗೆ ಸಂಗ್ರಹದ ಕಾರ್ಯಕ್ರಮಗಳಿಗೆ ಹೋಗುತ್ತಾರೆ. ತಮಗೆಂದು ಹಣ ತೆಗೆದುಕೊಳ್ಳುವುದಿಲ್ಲ. ಹಾಗೆ ಹೋದಾಗ ಸಾದಾ ಬಟ್ಟೆಯಲ್ಲಿ ಜೊತೆಗೆ ನಡೆಯುವವರು ಇರುತ್ತಾರೆ. ಅವರನ್ನು ಹ್ಯಾಂಡ್ಲರ್ ಎನ್ನುತ್ತಾರೆ. ನಾನು ಅವರನ್ನು ಜೊತೆಗಾರ ಎನ್ನುತ್ತೇನೆ. 2007ರ ಹೊಸ ವರ್ಷದ ದಿನ ಕ್ಯಾಲಿಫೋರ್ನಿಯಾದ ಪ್ಯಾಸಡೀನಾದ ಗುಲಾಬಿ ಮೆರವಣಿಗೆಯಲ್ಲಿ ಈ ಬಳಗದ ಸುಮಾರು 200 ಮಂದಿ ಕವಚ ತೊಟ್ಟು ಹೆಜ್ಜೆ ಹಾಕಿದರು. ಆ ಮೆರವಣಿಗೆಯ ದಾರಿ ಸುಮಾರು 9 ಕಿಲೋಮೀಟರ್. ಕೂರಲಾಗದ, ಬಗ್ಗಲಾಗದ ಪ್ಲಾಸ್ಟಿಕ್ಕಿನಲ್ಲಿ 9 ಕಿಲೋಮೀಟರನ್ನು ಒಬ್ಬರನ್ನೊಬ್ಬರು ನೋಡಿಕೊಳ್ಳದೆ ದಾಟಲು ಸಾಧ್ಯವಿಲ್ಲ. 2019ರ ‘ದ ಮ್ಯಾಂಡಲೋರಿಯನ್’ ಸರಣಿಯ ಚಿತ್ರೀಕರಣದಲ್ಲಿ ಬಿಳಿ ಸೈನಿಕರು ಸಾಲದೆ ಬಂದಾಗ ನಿರ್ಮಾಪಕರು ಕರೆದದ್ದು ಇದೇ ಬಳಗದವರನ್ನು. ಮನೆಯಲ್ಲಿ ಕಟ್ಟಿದ ಕವಚಗಳು ಚಿತ್ರೀಕರಣದ ಸೆಟ್ಟಿಗೆ ಹೋದವು.

ಆ ಬಳಗದ ಇನ್ನೊಂದು ಸಂಗತಿ ಹೇಳದಿದ್ದರೆ ಈ ಪತ್ರ ಪೂರ್ತಿಯಾಗದು. ಜಾನ್ಸನ್ನರ ಪುಟ್ಟ ಮಗಳಿಗೆ ಮಿದುಳಿನ ಕ್ಯಾನ್ಸರ್ ಆಯಿತು. ತನ್ನನ್ನು ಕಾಯಲು ಆರ್2-ಡಿ2 ಥರದ ಒಂದು ರೋಬೋ ಬೇಕೆಂದು ಅವಳು ಆಸೆಪಟ್ಟಳು. ರೋಬೋ ಕಟ್ಟುವ ಹವ್ಯಾಸಿಗಳು ಕೈಗೆ ಕೈ ಸೇರಿಸಿ ಆರ್2-ಕೆಟಿ ಎಂಬ ಗುಲಾಬಿ ಬಣ್ಣದ ರೋಬೋ ಕಟ್ಟಲು ಹೊರಟರು; ಅದು ಮುಗಿಯುವವರೆಗೆ ಕಾಯಲಾಗದೆ, 2005ರ ಜುಲೈಯಲ್ಲಿ ತಮ್ಮಲ್ಲೊಬ್ಬರ ರೋಬೋವನ್ನೇ ಗುಲಾಬಿಯಾಗಿಸಿ ಅವಳೆದುರು ನಿಲ್ಲಿಸಿದರು. ಆಗಸ್ಟಿನಲ್ಲಿ ಮಗು ತೀರಿಕೊಂಡಿತು. ಆಮೇಲೆ ಕಟ್ಟಿ ಮುಗಿಸಿದ ಆರ್2-ಕೆಟಿ ಇನ್ನೂ ಮಕ್ಕಳ ಬಳಿಗೆ ಹೋಗುತ್ತಿದೆ. 2015ರ ‘ದ ಫೋರ್ಸ್ ಅವೇಕನ್ಸ್’ ಚಿತ್ರದಲ್ಲೂ ಕಾಣಿಸಿಕೊಂಡಿತು. ನಮ್ಮ ಹವ್ಯಾಸವನ್ನು ಮಕ್ಕಳಾಟ ಎನ್ನುವವರಿಗೆ ನಾನು ಹೇಳುವ ಉತ್ತರ ಇದು. ಆ ರೋಬೋವನ್ನು ‘ನಾನೊಬ್ಬನೇ ಮಾಡಿದೆ’ ಎನ್ನುವವರು ಯಾರೂ ಇಲ್ಲ.

ಅಷ್ಟು ದೂರವೂ ಹೋಗಬೇಕಿಲ್ಲ. ನಾನು ಹುಟ್ಟಿದ್ದು ಪುತ್ತೂರಿನ ಕಡೆ. ನನ್ನ ಸೋದರಮಾವ ಯಕ್ಷಗಾನ ಮೇಳವೊಂದರ ಚೌಕಿಯಲ್ಲಿ ನೇಪಥ್ಯದ ಕೆಲಸ ಮಾಡುತ್ತಿದ್ದರು. ಹಗುರ ಮರದಲ್ಲಿ ಕೆತ್ತಿ, ಬಂಗಾರ ಬಣ್ಣದ ಹಾಳೆ, ಕನ್ನಡಿ ಚೂರು ಅಂಟಿಸಿದ ಎದೆಕಟ್ಟು, ಭುಜಕೀರ್ತಿ, ಕಿರೀಟ. ನಮ್ಮ ಫೋಮ್ ಕವಚದ ಹಾಗೆಯೇ ದೂರಕ್ಕೆ ಭಾರ, ಕೈಗೆ ಹಗುರ. ಮುಖಕ್ಕೆ ಬಣ್ಣವನ್ನು ಕಲಾವಿದರು ತಾವೇ ಬರೆದುಕೊಳ್ಳುತ್ತಿದ್ದರು. ವೇಷ ಕಟ್ಟುವ ಹೊತ್ತಿಗೆ ಎಂಥ ದೊಡ್ಡ ಕಲಾವಿದರೂ ಎದ್ದು ನಿಂತು, ಕೈ ಅಗಲಿಸಿ, ಮಾವನಿಗೆ ಬೆನ್ನು ಕೊಡುತ್ತಿದ್ದರು. ಮಾವ ಮೊಣಕಾಲಿನಿಂದ ಒತ್ತಿ ಹಗ್ಗ ಬಿಗಿದು, “ಉಸಿರು ಎಳೆಯಿರಿ, ಸಾಕಾ?” ಎಂದು ಕೇಳುತ್ತಿದ್ದರು. ಆ ಪ್ರಶ್ನೆ ಕೇಳದೆ ಅವರು ಯಾರಿಗೂ ಗಂಟು ಹಾಕಿದ್ದನ್ನು ನಾನು ಕಾಣೆ. ರಂಗಸ್ಥಳಕ್ಕೆ ರಾವಣ ಬಂದಾಗ ಊರೇ ಎದ್ದು ನೋಡುತ್ತಿತ್ತು. ಮಾವ ಮಾತ್ರ ತಾನು ಹಾಕಿದ ಗಂಟನ್ನು ನೋಡುತ್ತಿದ್ದರು. ಅಲ್ಲಿ ಯಾರಿಗೂ ಕಟ್ಟಿಸಿಕೊಳ್ಳುವುದು ನಾಚಿಕೆಯ ವಿಷಯವಾಗಿರಲಿಲ್ಲ.

ಹಾಗಾಗಿ ನಿಮ್ಮಲ್ಲಿ ನಾಲ್ಕು ಕೋರಿಕೆ.

ಒಂದು, ಮೊದಲ ಕವಚ ತೊಡುವ ಮೊದಲು ಒಂದಿಡೀ ದಿನ ಬೇರೊಬ್ಬರ ಜೊತೆಗಾರರಾಗಿ ಹೋಗಿ. ಅವರ ಕಣ್ಣಿಗೆ ಕಾಣದ ಮೆಟ್ಟಿಲನ್ನು ನೀವು ನೋಡಿ ಹೇಳಿ. ಓಡಿಬಂದು ಕಾಲಿಗೆ ಸುತ್ತಿಕೊಳ್ಳುವ ಮಗುವನ್ನು ತಡೆಯಿರಿ. ನಿಮ್ಮ ಕವಚದಲ್ಲಿ ಬಕಲ್ಲು ಎಲ್ಲಿರಬೇಕು, ಮೊಣಕಾಲು ಎಷ್ಟು ಬಾಗಬೇಕು ಎಂಬುದು ಆ ಒಂದೇ ದಿನದಲ್ಲಿ ತಿಳಿಯುತ್ತದೆ.

ಎರಡು, ಹೆಲ್ಮೆಟ್ಟೂ ಎದೆಗವಚವೂ ಒಂದು ನಿಮಿಷದೊಳಗೆ ಕಳಚುವಂತಿರಲಿ. ಬಕಲ್ಲು ಮುಂದೆ ಅಥವಾ ಪಕ್ಕದಲ್ಲಿರಲಿ. ಕವಚವನ್ನು ಎಂದೂ ಕಂಡಿರದ ಅಪರಿಚಿತರಿಗೂ ಅದು ಎಲ್ಲಿದೆ ಎಂದು ತಿಳಿಯಬೇಕು. ಒಂದು ಕೆಂಪು ನಾಡಾ ಕಟ್ಟಿದರೂ ಸಾಕು. ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡಿ. ಜೊತೆಗಾರನ ಚೀಲದಲ್ಲಿ ನೀರು, ಓಆರ್‌ಎಸ್, ಕತ್ತರಿ, ಅಂಟು, ಒದ್ದೆ ಬಟ್ಟೆ ಇರಲೇಬೇಕು. ತಲೆನೋವು, ತಲೆಸುತ್ತು, ಮಾತು ತೊದಲುವುದು ಕಂಡರೆ ಫೋಟೋ ಅಷ್ಟಕ್ಕೇ ನಿಲ್ಲಲಿ, ವೈದ್ಯರಿಗೆ ಕರೆ ಹೋಗಲಿ.

ಮೂರು, ಸ್ಪರ್ಧೆಯ ಅರ್ಜಿಯಲ್ಲಿ, ವೇದಿಕೆಯಲ್ಲಿ, ಚಿತ್ರದ ಕೆಳಗೆ ನಿಮ್ಮ ಹೆಸರಿನ ಪಕ್ಕದಲ್ಲೇ ಜೊತೆಗಾರರ ಹೆಸರು ಬರೆಯಿರಿ. ಪಟ್ಟಿ ಹೊಲಿದ ಅಮ್ಮ, ಎಲ್‌ಇಡಿ ಬೆಸೆದುಕೊಟ್ಟ ತಮ್ಮ, ಆಟೋದಲ್ಲಿ ಮೊಣಕಾಲ ಮೇಲೆ ಹೆಲ್ಮೆಟ್ಟಿಟ್ಟುಕೊಂಡು ಬಂದ ಗೆಳತಿ, ಎಲ್ಲರೂ ಆ ಕವಚದವರೇ.

ನಾಲ್ಕನೆಯದು ನನ್ನ ಓರಗೆಯ ಹಳಬರಿಗೂ ಸೇರಿ. “ಪೂರ್ತಿ ನೀನೇ ಮಾಡಿದ್ದಾ?” ಎಂದು ಕೇಳುವುದನ್ನು ಇವತ್ತಿಗೆ ಬಿಡೋಣ. “ನಿನ್ನ ಜೊತೆ ಯಾರಿದ್ದಾರೆ?” ಎಂದು ಕೇಳೋಣ. ಆ ಹುಡುಗನಿಗೆ ಬೆಳಗ್ಗೆ ಬಾಗಿಲಲ್ಲೇ ಯಾರಾದರೂ ಈ ಎರಡನೆಯ ಪ್ರಶ್ನೆ ಕೇಳಿದ್ದರೆ, ಮಧ್ಯಾಹ್ನ ಅವನು ಮೊಣಕಾಲೂರುತ್ತಿರಲಿಲ್ಲ.

ಜೊತೆಗೆ ಬರುವವರು ಯಾರೂ ಇಲ್ಲ ಎನ್ನುವವರು ನಿಮ್ಮಲ್ಲಿರಬಹುದು. ಊರು ಬಿಟ್ಟು ಬಂದು ಪಿ.ಜಿ.ಯಲ್ಲಿರುವವರು, ಮನೆಯಲ್ಲಿ ಬೈಗುಳ ತಿಂದು ಕದ್ದು ಕಟ್ಟುವವರು. ಅವರಿಗಾಗಿ ಕೊನೆಯ ಮಾತು. ಈ ವರ್ಷ ನಾನು ಕವಚ ತೊಡುತ್ತಿಲ್ಲ. ಮೇಳದ ಎರಡೂ ದಿನ ಸಾದಾ ಹತ್ತಿಯ ಚೂಡಿದಾರಿನಲ್ಲಿ, ಕುತ್ತಿಗೆಗೆ ಕೆಂಪು ನಾಡಾದಲ್ಲಿ ಕತ್ತರಿ ಕಟ್ಟಿಕೊಂಡು, ಬಾಗಿಲ ಹತ್ತಿರವೇ ಇರುತ್ತೇನೆ. ಬಂದು ಬೆನ್ನು ತೋರಿಸಿ ನಿಲ್ಲಿ. ಹೆಸರು ಹೇಳದಿದ್ದರೂ ನಡೆಯುತ್ತದೆ. ಪಟ್ಟಿ ಬಿಗಿಯುತ್ತೇನೆ, ಬಿಗಿದ ಮೇಲೆ ಮಾವ ಕೇಳುತ್ತಿದ್ದ ಪ್ರಶ್ನೆಯನ್ನೇ ಕೇಳುತ್ತೇನೆ. ಉಸಿರೆಳೆದು ನೋಡಿ, ನಿಜ ಹೇಳಿ.

ಇಂತಿ ನಿಮ್ಮ ಪ್ರೀತಿಯ,
ಕವಚ ಕಟ್ಟುವ ಅಕ್ಕ
ಬೆಂಗಳೂರು